ಪಟ್ಟಿಯಲ್ಲಿಲ್ಲದ ಹೆಸರು

ಆರ್ಡಿಸ್ ಲುಂಡೀನ್ ಮೂವತ್ತು ವರ್ಷ ಶಾಲೆಯಲ್ಲಿ ಅಡುಗೆ ಮಾಡಿದವಳು. ಅರವತ್ತೆರಡನೇ ವಯಸ್ಸಿನಲ್ಲಿ ಕೋಡ್ ಬರೆಯಲು ಕಲಿತು, ಡುಲೂತ್ ನಗರದ ಆಸ್ಪತ್ರೆಗೆ ಹೋಗಿಬರಬೇಕಾದ ನಮ್ಮೂರ ಮುದುಕರಿಗಾಗಿ ಒಂದು ವೆಬ್ ಪುಟ ಮಾಡಿದಳು. ಹೆಸರು ಟೈಪ್ ಮಾಡಿ ಒತ್ತಿದರೆ ಯಾವ ದಿನ, ಯಾರ ಕಾರು ಎಂದು ಅದು ಹೇಳಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಒಂದು ಸಾಲು: "ನಿಮ್ಮ ಹೆಸರು ಇಲ್ಲಿ ಇನ್ನೂ ಇಲ್ಲ. ಫೋನ್ ಮಾಡಿ, ನಾನೇ ಬರ್ತೀನಿ." ಕೆಳಗೆ ಅವಳ ನಂಬರು.

ಮೊದಲ ದಿನ ಎಲ್ಲರಿಗೂ ಆ ಸಾಲೇ ಬಂತು. ಮಧ್ಯಾಹ್ನದೊಳಗೆ ಮೂವತ್ತೊಂದು ಫೋನು. ಅವಳ ಗೆಳೆಯ ಓರಿನ್, ನಿವೃತ್ತ ಪೋಸ್ಟ್‌ಮನ್, ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ. ತಪ್ಪು ಸಿಕ್ಕಾಗ ಅವಳೇ ನಕ್ಕಳು. ಕೋಡ್‌ನಲ್ಲಿ ಪಟ್ಟಿಯ ಮುಂದೆ ಚುಕ್ಕೆಯಿಟ್ಟು 'ಹೆಸರು' ಎಂದು ಬರೆದಿದ್ದಳು. ಯಂತ್ರ ಪಾಪ, ಜನ ಒತ್ತಿದ್ದನ್ನು ಬಿಟ್ಟು 'ಹೆಸರು' ಎಂಬ ಹೆಸರಿನವರನ್ನೇ ಹುಡುಕುತ್ತಿತ್ತು.

"ನಲವತ್ತು ವರ್ಷ ಈ ಊರಲ್ಲಿ ಕಾಗದ ಹಂಚಿದೀನಿ ಕಣೇ," ಅಂದ ಓರಿನ್. "ಆ ಹೆಸರಿನೋರು ಯಾರೂ ಇಲ್ಲ."

"ಸುಮ್ನಿರೋ. ಚುಕ್ಕೆ ತೆಗೆದು ಚೌಕದ ಕಂಸ ಹಾಕ್ಬೇಕು. ಆಗ ಬಂದವರು ಏನು ಒತ್ತಿದ್ರೋ ಅದನ್ನ ಹಿಡ್ಕೊಂಡು ಒಳಗೆ ಹೋಗುತ್ತೆ."

ಒಂದೇ ಸಾಲು ತಿದ್ದಿದಳು, ಎಲ್ಲರಿಗೂ ಉತ್ತರ ಸಿಕ್ಕಿತು. ಆದರೂ ಆ ವಾರವೆಲ್ಲ ಮನೆ ಮನೆಗೆ ಹೋಗಿ, ಯಾರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೋ ಹಾಗೇ ಪಟ್ಟಿ ತಿದ್ದಿದಳು. ಒಬ್ಬ ಮುದುಕಿ "ಫ್ಲಾಯ್ಡ್‌ನ ಹೆಂಡತಿ" ಅಂದಳು. ಫ್ಲಾಯ್ಡ್ ಸತ್ತು ಹನ್ನೊಂದು ವರ್ಷ. ಆರ್ಡಿಸ್ ಹಾಗೇ ಬರೆದಳು.

ಈ ಮಾರ್ಚ್‌ನಲ್ಲಿ ಆರ್ಡಿಸ್ ತೀರಿಹೋದಳು. ಹತ್ತು ದಿನದ ಮೇಲೆ ಅಂಗಡಿಯಲ್ಲಿ ಮಾರ್ಲಿಸ್ ಎಂಬ ಹೊಸಬಳು ಓರಿನ್‌ಗೆ ಸಿಕ್ಕಳು. ಗುರುವಾರ ಅವಳ ಕಣ್ಣಿನ ಆಪರೇಷನ್. ಪುಟದಲ್ಲಿದ್ದ ನಂಬರಿಗೆ ಎರಡು ದಿನದಿಂದ ಫೋನ್ ಮಾಡುತ್ತಿದ್ದಾಳಂತೆ, ಯಾರೂ ಎತ್ತುತ್ತಿಲ್ಲ.

ಓರಿನ್ ಅವಳ ನಂಬರು ಬರೆದುಕೊಂಡ; ತಾನು ಅಂಗಡಿಗೆ ಬಂದದ್ದು ಯಾಕೆಂದೇ ಮರೆಯಿತು. ಆ ಫೋನು ಆರ್ಡಿಸ್‌ಳ ಬೀಗ ಹಾಕಿದ ಅಡುಗೆಮನೆಯಲ್ಲಿ ಹೊಡೆದುಕೊಳ್ಳುವುದು ಕಿವಿಯಲ್ಲೇ ಕೇಳಿದಂತಾಯಿತು.

ಮನೆಗೆ ಬಂದವನೇ, ಅವಳು ತನಗೆಂದು ಬಿಟ್ಟುಹೋದ ಕಂಪ್ಯೂಟರ್ ತೆರೆದ. ತಡಕಾಡಿ ನಂಬರು ಹುಡುಕಿ, ಅಳಿಸಿ, ತನ್ನದನ್ನು ಹಾಕಿದ. ಅದರ ಮೇಲಿದ್ದ ಅವಳ ಮಾತುಗಳನ್ನು ಮುಟ್ಟಲಿಲ್ಲ.

ಸರಿಯಾಯಿತೇ ನೋಡಲು ಪಟ್ಟಿಯಲ್ಲಿಲ್ಲದ ಒಂದು ಹೆಸರು ಬೇಕಿತ್ತು. ಊರನ್ನೆಲ್ಲ ಬರೆದವಳು ತನ್ನನ್ನು ಬರೆದುಕೊಂಡಿರಲಿಲ್ಲ. 'ಆರ್ಡಿಸ್' ಎಂದು ಒತ್ತಿದ.

ನಿಮ್ಮ ಹೆಸರು ಇಲ್ಲಿ ಇನ್ನೂ ಇಲ್ಲ. ಫೋನ್ ಮಾಡಿ, ನಾನೇ ಬರ್ತೀನಿ.

ಕೆಳಗೆ ಅವನ ನಂಬರು. ಕಾಫಿ ಆರುವವರೆಗೂ ನೋಡುತ್ತ ಕೂತ. ಆಮೇಲೆ ಮಾರ್ಲಿಸ್‌ಗೆ ಫೋನ್ ಮಾಡಿ, ಗುರುವಾರ ಬೆಳಿಗ್ಗೆ ಆರು ಗಂಟೆಗೆ ತಾನೇ ಬರುವುದಾಗಿ ಹೇಳಿ, ಪೆನ್ಸಿಲ್ ಎತ್ತಿಕೊಂಡ.

"ಪಟ್ಟಿಗೆ ಸೇರಿಸ್ಬೇಕಮ್ಮಾ. ನಿಮ್ಮನ್ನ ನೀವು ಏನಂತ ಕರ್ಕೋತೀರಿ?"