ವಾರಗಿತ್ತಿಯ ಅಮೆರಿಕನ್ ಕಾರು

2001ನೇ ಇಸವಿ. ಆಗ ನಾನು ತುಮಕೂರಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಲೇಡಿ ಇನ್‌ಸ್ಟ್ರಕ್ಟರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಮಾತ್ರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ. ಮರಳೂರಿನ ನಮ್ಮ ಮನೆಯಲ್ಲಿ ಸಾರು ಕುದಿಸಿಟ್ಟು, ಮಗಳ ಡಬ್ಬಿ ಕಟ್ಟಿ, ಹೈಸ್ಕೂಲು ಮೇಷ್ಟರಾದ ನಮ್ಮವರ ಸ್ಕೂಟರು ಗೇಟು ದಾಟಿದ ಮೇಲೆ ಹೊರಡುತ್ತಿದ್ದೆ. ಪರಗಂಡಸಿನ ಪಕ್ಕ ಕೂತು ಕಲಿಯಲು ಮುಜುಗರಪಡುವ ಹೆಂಗಸರಿಗೆ ಕಾರು ಕಲಿಸುವುದು ನನ್ನ ಕೆಲಸ. ಸ್ಕೂಲಿನ ಪುಟ್ಟ ಬಿಳಿ ಕಾರಿನಲ್ಲಿ ಕಲಿಯುವವರು ಬಲಗಡೆ, ನಾನು ಎಡಗಡೆ. ನನ್ನ ಕಾಲಡಿಯಲ್ಲೂ ಒಂದು ಕ್ಲಚ್, ಒಂದು ಬ್ರೇಕ್ ಇರುತ್ತಿದ್ದವು. ಇದನ್ನು ಡ್ಯುಯಲ್ ಕಂಟ್ರೋಲ್ ಎನ್ನುತ್ತಾರೆ. ಕಲಿಯುವವರು ಗಾಬರಿಯಾದರೆ ಕಲಿಸುವವರು ಕಾರು ನಿಲ್ಲಿಸಬೇಕಲ್ಲ, ಅದಕ್ಕೆ.

ನಾನು ಕಾರು ಕಲಿತದ್ದು ಅಪ್ಪನ ಗ್ಯಾರೇಜಿನಲ್ಲಿ. ಅಲ್ಲಿ ಒಂದು ಹಳೆಯ ಕಪ್ಪು ಅಮೆರಿಕನ್ ಕಾರಿತ್ತು. ಯಾರೋ ಡಾಕ್ಟರು ರಿಪೇರಿಗೆ ಬಿಟ್ಟು, ಬಿಡಿಭಾಗ ಸಿಗದೆ ಕೊನೆಗೆ ಅಪ್ಪನಿಗೇ ಕೊಟ್ಟು ಹೋಗಿದ್ದರು. ಅದರ ಗೇರು ಸ್ಟೇರಿಂಗಿನ ಕೆಳಗೇ ಇತ್ತು, ಹಾರ್ನ್ ಮಾತ್ರ ಎಮ್ಮೆ ಕೂಗಿದ ಹಾಗೆ. ಕಾನ್ವೆಂಟಿನಿಂದ ಬಂದು ಯೂನಿಫಾರ್ಮಿನಲ್ಲೇ ಅದರಲ್ಲಿ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಕಾಲೇಜಿಗೆ ಹೋಗುವ ವಯಸ್ಸಿಗೆ, ಅಪ್ಪ ಹೇಗೋ ಅದನ್ನು ಓಡುವಂತೆ ಮಾಡಿದ ಮೇಲೆ, ಓಡಿಸಲು ಕಲಿತೆ. ಆ ಕಾರಿನ ಕಂಪನಿಯ ಚರಿತ್ರೆಯನ್ನು ಅಪ್ಪ ನಮ್ಮ ನೆಂಟರ ಕಥೆಯ ಹಾಗೆ ಹೇಳುತ್ತಿದ್ದರು. ಸ್ವಾತಂತ್ರ್ಯ ಬರುವ ಮೊದಲು ಕಾರುಗಳು ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬರುತ್ತಿದ್ದವಂತೆ. ಅವನ್ನು ಇಲ್ಲಿ ಜೋಡಿಸಿ ಮಾರುತ್ತಿದ್ದರಂತೆ. ಐವತ್ತರ ದಶಕದಲ್ಲಿ ಸರ್ಕಾರ ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದಾಗ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಯಿತು.

"ಮುನಿಸ್ಕೊಂಡು ಹೋದ ಅಳಿಯ ಇದ್ದಂಗೆ ಕಣಮ್ಮ," ಎನ್ನುತ್ತಿದ್ದರು ಅಪ್ಪ. "ಇವತ್ತಲ್ಲ ನಾಳೆ ಬಂದೇ ಬರ್ತಾನೆ."

ತೊಂಬತ್ತರ ದಶಕದ ನಡುವಿನಲ್ಲಿ ಕಂಪನಿ ನಿಜವಾಗಿಯೂ ವಾಪಸು ಬಂತು. ನೋಡಲು ಅಪ್ಪ ಇರಲಿಲ್ಲ. ಪೇಪರಿನಲ್ಲಿ ಜಾಹೀರಾತು ಬಂದಾಗ ಕತ್ತರಿಸಿ ದೇವರ ಮನೆಯ ಗೂಡಿನಲ್ಲಿಟ್ಟೆ. ನಮ್ಮ ಕುಟುಂಬಕ್ಕೆ ಯಾವತ್ತಾದರೂ ಆ ಕಾರು ಬರುವುದಾದರೆ ಅದು ನನ್ನ ಮನೆಗೇ ಎಂದು ಏಕೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಕುಟುಂಬಕ್ಕೆ ಬಂತು. ಬಂದದ್ದು ಗುಬ್ಬಿಗೆ.

ನಮ್ಮವರ ತಮ್ಮ ನಾಗರಾಜ ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ. ಅತ್ತೆ ಇದ್ದದ್ದೂ ಅವನ ಮನೆಯಲ್ಲೇ. 2001ರ ಶ್ರಾವಣದಲ್ಲಿ ಅವನು ಅದೇ ಕಂಪನಿಯ, ಮಾಗಿದ ನೇರಳೆಹಣ್ಣಿನ ಬಣ್ಣದ ಹೊಸ ಕಾರನ್ನು ತಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ. ಬಾಗಿಲು ಹಾಕಿದರೆ ಕಬ್ಬಿಣದ ಬೀರು ಹಾಕಿದಷ್ಟು ಗಂಭೀರವಾದ ಸದ್ದು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಅವನ ಹೆಂಡತಿ ಶೈಲಾ ಕೆಳಗಿಳಿದಾಗ ಅವಳ ಗಾಜಿನ ಬಳೆಗಳ ಮೇಲೆ ಏಸಿಯ ತಣ್ಣನೆಯ ತೇವ ಮಂಜಿನ ಹಾಗೆ ಕೂತಿತ್ತು. ನಾನು ಅದನ್ನೇ ನೋಡುತ್ತ ನಿಂತೆ.

"ಅತ್ತಿಗೆ, ನೀವು ಕಾನ್ವೆಂಟು," ಎಂದು ನಾಗರಾಜ ಕಾರಿನ ಜೊತೆ ಬಂದಿದ್ದ ದಪ್ಪನೆಯ ಇಂಗ್ಲಿಷ್ ಪುಸ್ತಕ ಕೊಟ್ಟ. "ಈ ಬುಕ್ಕಲ್ಲಿ ಏನೇನ್ ಬರ್ದವ್ರೆ ಸ್ವಲ್ಪ ನೋಡಿ ಹೇಳಿ. ನಮ್ ಗುಬ್ಬಿ ಮೆಕ್ಯಾನಿಕ್ ಬಾನೆಟ್ ತೆಗ್ದು ನೋಡಿ, ಕೈ ಮುಗ್ದು ಮುಚ್ಬಿಟ್ಟ."

"ಇನ್ನೊಂದು ವಿಷ್ಯ ಅಕ್ಕ," ಎಂದಳು ಶೈಲಾ ಮೆಲ್ಲಗೆ. "ನಂಗೆ ಓಡ್ಸೋದು ಕಲ್ಸಿಕೊಡಿ. ಆಯುಧಪೂಜೆಗೆ ಕೊತ್ತಗೆರೆಗೆ ನಾನೇ ಓಡಿಸ್ಕೊಂಡು ಹೋಗ್ಬೇಕು."

ಕೊತ್ತಗೆರೆ ಕುಣಿಗಲ್ ತಾಲ್ಲೂಕಿನಲ್ಲಿ ನಮ್ಮ ಮನೆದೇವರ ಊರು. ಆಯುಧಪೂಜೆಯ ದಿನ ದಾಯಾದಿಗಳ ಗಾಡಿಗಳೆಲ್ಲ ಗುಡಿಯ ಮುಂದೆ ಸಾಲಾಗಿ ನಿಲ್ಲುತ್ತವೆ. ಗಂಡಸರು ಗಾಡಿ ತರುತ್ತಾರೆ, ಹೆಂಗಸರು ಹಿಂದೆ ಕೂತು ಬರುತ್ತಾರೆ. ಅಲ್ಲಿ ನನಗೊಂದು ಹೆಸರಿತ್ತು: "ಕಾರು ಓಡ್ಸೋ ಸೊಸೆ." ಸ್ಕೂಟರಿನ ಹಿಂದಿನ ಸೀಟಿನಿಂದ ಇಳಿದರೂ ನನ್ನನ್ನು ಹಾಗೇ ಕರೆಯುತ್ತಿದ್ದರು. ಒಡವೆ, ಹೊಲ ಎಲ್ಲದರಲ್ಲೂ ಉಳಿದ ಸೊಸೆಯರು ಮುಂದು. ನನ್ನದು ಎಂದು ಇದ್ದದ್ದು ಆ ಹೆಸರೊಂದೇ. ಈಗ ಶೈಲಾ ಅದನ್ನೂ ಕೇಳುತ್ತಿದ್ದಳು, ಅದೂ ನನ್ನ ಕೈಯಿಂದಲೇ.

"ಅದಕ್ಕೇನಂತೆ, ಬಾರೇ," ಎಂದೆ.

ಪುಸ್ತಕವನ್ನು ಕುಕ್ಕರ್ ಕೂಗುವ ನಡುವೆ ಪೂರ್ತಿ ಓದಿದೆ. ಟೈರಿನ ಗಾಳಿ, ಫ್ಯೂಸು, ಬಲ್ಬು, ಎಲ್ಲವೂ ಬಾಯಿಪಾಠವಾಯಿತು. ನನ್ನದಲ್ಲದ ಕಾರಿನ ಬಗ್ಗೆ ನನಗಿಂತ ಹೆಚ್ಚು ತಿಳಿದವರು ತುಮಕೂರು ಜಿಲ್ಲೆಯಲ್ಲೇ ಇರಲಿಲ್ಲವೇನೋ.

ಮೊದಲ ಹದಿನೈದು ದಿನ ಶೈಲಾ ಗುಬ್ಬಿಯಿಂದ ಬಸ್ಸಿನಲ್ಲಿ ಬಂದು ನಮ್ಮ ಸ್ಕೂಲಿನ ಕಾರಿನಲ್ಲೇ ಕಲಿತಳು. ಆಮೇಲೆ ರಜೆಯ ದಿನಗಳಲ್ಲಿ ನಾನೇ ಗುಬ್ಬಿಗೆ ಹೋಗಿ, ಅವಳ ಕಾರನ್ನು ಬಿದರೆಹಳ್ಳ ಕಾವಲಿಗೆ ಒಯ್ಯಿಸಿ ಕಲಿಸತೊಡಗಿದೆ. ಈಗ ಹೆಲಿಕಾಪ್ಟರ್ ಫ್ಯಾಕ್ಟರಿ ಎದ್ದಿರುವ ಆ ಜಾಗ ಆಗ ಬರೀ ಹುಲ್ಲುಗಾವಲು. ಕುರಿಗಳನ್ನು ಬಿಟ್ಟರೆ ಅಡ್ಡ ಬರುವವರಿಲ್ಲ. ನಾಗರಾಜ ಕಾರು ತಂದು ನಿಲ್ಲಿಸಿ ಮರದ ಕೆಳಗೆ ಪೇಪರು ಹಾಸಿಕೊಂಡು ಮಲಗುತ್ತಿದ್ದ.

ಅಲ್ಲಿ ಒಂದು ತೊಡಕು ಎದುರಾಯಿತು. ಸ್ಟೇರಿಂಗಿನ ಎರಡು ಪಕ್ಕದಲ್ಲೂ ಒಂದೊಂದು ಕಡ್ಡಿ ಇರುತ್ತದೆ. ನಮ್ಮ ಸ್ಕೂಲಿನ ಕಾರಿನಲ್ಲಿ ಬಲಗಡೆಯ ಕಡ್ಡಿ ಇಂಡಿಕೇಟರ್, ಅಂದರೆ ತಿರುಗುವಾಗ ಹಾಕುವ ದೀಪ. ಎಡಗಡೆಯದು ಗಾಜು ಒರೆಸುವ ವೈಪರ್. ಶೈಲಾಳ ಕಾರಿನಲ್ಲಿ ಇದು ತಿರುಗುಮುರುಗು. ಆ ದಿನಗಳಲ್ಲಿ ಇಂಥ ಕಾರನ್ನು ಹೊಸದಾಗಿ ಕೊಂಡವರನ್ನು ಗುರುತಿಸುವುದು ಬಹಳ ಸುಲಭವಿತ್ತು. ಸುಡುಬಿಸಿಲಿನಲ್ಲಿ, ಪ್ರತಿ ತಿರುವಿನಲ್ಲೂ, ವೈಪರ್ ಆಡಿಸಿಕೊಂಡು ಹೋಗುತ್ತಿದ್ದರು. ಗುಬ್ಬಿಯ ಬಸ್ ಸ್ಟ್ಯಾಂಡಿನ ಆಟೋದವರು ನಾಗರಾಜನನ್ನು ಕಂಡರೆ, "ಏನಣ್ಣ, ನಿಮ್ ಕಾರ್ ಮೇಲೆ ಮಾತ್ರ ಮಳೆ ಬತ್ತದಾ?" ಎಂದು ಕೇಳುತ್ತಿದ್ದರಂತೆ.

"ಎಡಗೈ, ಶೈಲಾ," ಎಂದು ದಿನಕ್ಕೆ ಎಷ್ಟು ಸಲ ಹೇಳಿದೆನೋ. ಮೊದಲ ಹದಿನೈದು ದಿನ ಕೈಗೆ ಕೂತದ್ದು ಸುಲಭವಾಗಿ ಏಳುವುದಿಲ್ಲ.

ಅವಳು ಬೇಗ ಕಲಿತಳು. ಅದೇ ನನಗೆ ಕಷ್ಟವಾದದ್ದು. ದಡ್ಡಿಯಾಗಿದ್ದರೆ ಕನಿಕರ ಬರುತ್ತಿತ್ತು, ಜಂಬಗಾತಿಯಾಗಿದ್ದರೆ ಸಿಟ್ಟು ಬರುತ್ತಿತ್ತು. ಅವಳು ಎರಡೂ ಅಲ್ಲ. ಪ್ರತಿ ಸಲ ಕಾರು ನಿಂತಾಗಲೂ, "ಅಕ್ಕ, ನೀವೊಂದು ರೌಂಡು ಹೊಡೀರಿ," ಎನ್ನುತ್ತಿದ್ದಳು.

"ಬೇಡ ಕಣೇ. ನೀನು ಕಲಿಯೋದು ಮುಖ್ಯ."

ಆಸೆ ಇರಲಿಲ್ಲವೆಂದಲ್ಲ. ಆ ಸ್ಟೇರಿಂಗ್ ಹಿಡಿದು ಒಂದು ಸುತ್ತು ಹೊಡೆದ ಮೇಲೆ ಕೆಳಗಿಳಿಯಬೇಕಲ್ಲ, ಆ ಇಳಿಯುವ ಗಳಿಗೆ ಬೇಡವಾಗಿತ್ತು. ಮನೆಗೆ ಬಂದು ಅನ್ನಕ್ಕಿಡುವಾಗ, ಅವಳ ಕಾಲ್ಬೆರಳಿನ ಬೆಳ್ಳಿ ಕಾಲುಂಗುರ ಕ್ಲಚ್ಚಿಗೆ ತಾಗಿ ಟಿಣ್ ಎನ್ನುವುದು ನೆನಪಾಗಿ ಹೊಟ್ಟೆಯಲ್ಲಿ ಸಣ್ಣ ಕೆಂಡ ಇಟ್ಟ ಹಾಗಾಗುತ್ತಿತ್ತು. ಆದರೆ ಕಲಿಸುವುದರಲ್ಲಿ ಒಂದೆಳೆಯೂ ಕಡಿಮೆ ಮಾಡಲಿಲ್ಲ. ನನಗೆ ಉಳಿದಿದ್ದ ದೊಡ್ಡಸ್ತಿಕೆ ಅದೊಂದೇ. ಹಬ್ಬಕ್ಕೆ ಒಂದು ವಾರ ಮುಂಚೆ ಶೈಲಾ ಮೊದಲ ಟೆಸ್ಟಿನಲ್ಲೇ ಪಾಸಾಗಿ ಲೈಸೆನ್ಸ್ ತೆಗೆದುಕೊಂಡಳು.

ಆಯುಧಪೂಜೆಯ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದರು. ತುಮಕೂರಿನವರೆಗೆ ನಾಗರಾಜ ಓಡಿಸಿದ್ದ. ಅಲ್ಲಿಂದ ಅವನು ನಮ್ಮವರ ಜೊತೆ ಸ್ಕೂಟರ್ ಹತ್ತಿ ಮುಂದೆ ಹೊರಟ. ಮಗಳು ಇಬ್ಬರ ನಡುವೆ ಕೂತಳು. ಕಾರಿನಲ್ಲಿ ನಾವು ಮೂವರು ಹೆಂಗಸರು. ಶೈಲಾ ಸ್ಟೇರಿಂಗಿನಲ್ಲಿ, ನಾನು ಎಡಗಡೆ, ಹಿಂದೆ ಪೂಜೆಯ ಬುಟ್ಟಿಯೊಂದಿಗೆ ಅತ್ತೆ.

ಕಾರನ್ನು ನೋಡಿ ಅಲ್ಲೇ ನಿಂತೆ. ಹೊಸ ಗಾಡಿಗೆ ದೃಷ್ಟಿಯಾಗದಿರಲೆಂದು ಅತ್ತೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಮುಂದಿನ ಗಾಜಿನ ಮೇಲೆ ಊಟದ ತಟ್ಟೆಯಷ್ಟಗಲದ ಸ್ವಸ್ತಿಕ ಬರೆದಿದ್ದರು. ಎಣ್ಣೆಯಲ್ಲಿ ಕಲಸಿದರೆ ಉದುರುವುದಿಲ್ಲವಲ್ಲ.

"ಅತ್ತೆ, ಸ್ವಲ್ಪ ಕಡಿಮೆ ಮಾಡೋಣ್ವಾ? ಓಡಿಸೋರಿಗೆ ಅಡ್ಡ ಆಗುತ್ತೆ."

"ಹಬ್ಬದ ದಿನ ಮುತ್ತೈದೆ ಕುಂಕುಮ ಅಳಿಸ್ತಾಳೇನೇ? ಬುಡ್ತು ಅನ್ನು."

ಬಿಡ್ತು ಎಂದು ಕೂತೆ. ಕುಣಿಗಲ್ ರಸ್ತೆಯುದ್ದಕ್ಕೂ ಶೈಲಾ ಸೊಗಸಾಗಿ ಓಡಿಸಿದಳು. ತಿದ್ದಲು ನನಗೆ ಒಂದು ತಪ್ಪೂ ಸಿಗಲಿಲ್ಲ. ಕೊತ್ತಗೆರೆಗೆ ತಿರುಗುವ ಕಡೆ ನಮ್ಮವರು, ನಾಗರಾಜ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ನಾವು ಕಂಡೊಡನೆ ನಾಗರಾಜ ಕೈ ಬೀಸಿ, ಊರವರಿಗೆ ಸುದ್ದಿ ಮುಟ್ಟಿಸಲು ಸ್ಕೂಟರನ್ನು ಮುಂದಕ್ಕೆ ಓಡಿಸಿಬಿಟ್ಟ. ಎದುರಿಗೆ ಬಾಳೆಕಂದು ಕಟ್ಟಿದ ಟ್ರ್ಯಾಕ್ಟರ್ ಬರುತ್ತಿತ್ತು. ಗಂಡನನ್ನು ಕಂಡ ಖುಷಿ, ಟ್ರ್ಯಾಕ್ಟರಿನ ಭಯ, ಎರಡೂ ಒಟ್ಟಿಗೆ ಬಂದವು. ಶೈಲಾಳ ಬಲಗೈ ಬಲಗಡೆಯ ಕಡ್ಡಿಯನ್ನು ಎಳೆಯಿತು.

ವೈಪರ್ ಎದ್ದಿತು. ಒಂದೇ ಬೀಸಿಗೆ ಸ್ವಸ್ತಿಕ ಗಾಜಿನ ತುಂಬ ಹರಡಿತು. ಇನ್ನೊಂದು ಬೀಸಿಗೆ ರಸ್ತೆ, ಟ್ರ್ಯಾಕ್ಟರ್, ಆಕಾಶ ಏನೂ ಕಾಣದೆ ಎಲ್ಲವೂ ಕೆಂಪಾಯಿತು.

ನನ್ನ ಬಲಗಾಲು ಬ್ರೇಕನ್ನು ಒತ್ತಿತು. ಆ ಕಾರಿನಲ್ಲಿ ನನ್ನ ಕಾಲಡಿಯಲ್ಲಿ ಇದ್ದದ್ದು ಬರೀ ಮ್ಯಾಟು.

"ಕಿಟಕಿಯಿಂದ ನೋಡು. ಮೆಲ್ಲಗೆ ಬ್ರೇಕು. ಎಡಕ್ಕೆ," ಎಂದೆ. ನಾನು ಹೇಳಿ ಮುಗಿಸುವ ಮೊದಲೇ ಅವಳು ತೆರೆದಿದ್ದ ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದ್ದಳು. ಟ್ರ್ಯಾಕ್ಟರಿನವನು ಪಕ್ಕದಲ್ಲೇ ಹಾದುಹೋಗುತ್ತ, "ಏನಕ್ಕಾ, ಗಾಡಿಗೇ ಓಕುಳಿ ಆಡ್ಸಿದ್ದೀರಾ?" ಎಂದು ಕೂಗಿದ.

ಕಾರು ನಿಂತ ಮೇಲೂ ಶೈಲಾ ಸ್ಟೇರಿಂಗ್ ಬಿಡಲಿಲ್ಲ.

"ಸಾಕು ಇಳಿಯವ್ವ ನೀನು," ಎಂದರು ಅತ್ತೆ. "ವಿಮಲಾ ಓಡಿಸ್ಲಿ. ಊರ್ನೋರ ಮುಂದೆ ಮಾನ ಉಳೀಲಿ."

ಶೈಲಾ ಕೀಲಿ ತೆಗೆದು ನನ್ನ ಮುಂದೆ ಹಿಡಿದಳು. ಕೊತ್ತಗೆರೆ ಇನ್ನು ಕೂಗಳತೆಯಲ್ಲಿತ್ತು. ಗುಡಿಯ ಮುಂದೆ ದಾಯಾದಿಗಳೆಲ್ಲ ನಿಂತಿರುತ್ತಾರೆ. ಅಪ್ಪ ಕಾಯುತ್ತಿದ್ದ ಆ ಕಂಪನಿಯ ಕಾರಿನಿಂದ ನಾನು ಇಳಿಯುತ್ತೇನೆ. ಎಷ್ಟು ಬೇಕಾಗಿತ್ತು ಅದು ನನಗೆ, ಬರೆಯುವಾಗ ಈಗಲೂ ಬಾಯಲ್ಲಿ ನೀರು ಬರುತ್ತದೆ.

ಆದರೆ ನಮ್ಮ ಕೆಲಸದಲ್ಲಿ ಒಂದು ನಿಯಮವಿದೆ. ಹೆದರಿದವರನ್ನು ಹೆದರಿದ ಜಾಗದಲ್ಲಿ ಕೆಳಗಿಳಿಸಬಾರದು. ಇಳಿಸಿದರೆ ಅವರು ಮತ್ತೆ ಆ ಸೀಟು ಹತ್ತುವುದಿಲ್ಲ. ಸ್ಕೂಲಿನಲ್ಲಿ ಇಬ್ಬರು ಹೆಂಗಸರು ಹಾಗೇ ಬಿಟ್ಟು ಹೋದದ್ದನ್ನು ನೋಡಿದ್ದೆ.

"ಕೀಲಿ ಅಲ್ಲೇ ಹಾಕು," ಎಂದೆ. ಬುಟ್ಟಿಯಿಂದ ಬಾಳೆಲೆಯ ಚೂರು ತೆಗೆದುಕೊಂಡು ಕೆಳಗಿಳಿದು ಗಾಜಿನ ಕುಂಕುಮವನ್ನು ಬಳಿದು ತೆಗೆಯತೊಡಗಿದೆ.

"ಅಯ್ಯೋ, ಅಳಿಸ್ತಾಳಲ್ಲೋ ಶಿವನೇ!"

"ಅಳಿಸ್ತಿಲ್ಲ ಅತ್ತೆ, ಜಾಗ ಬದಲಾಯಿಸ್ತಿದೀನಿ," ಎಂದು ಬಳಿದದ್ದನ್ನು ಬಾನೆಟ್ಟಿನ ಮೇಲೆ ಹೊಸ ಸ್ವಸ್ತಿಕವಾಗಿ ಬರೆದೆ. ಮಿಕ್ಕ ಜಿಡ್ಡನ್ನು ಬುಟ್ಟಿಗೆ ಹೊದಿಸಿದ್ದ ನ್ಯೂಸ್‌ಪೇಪರಿನಿಂದ ತಿಕ್ಕುವಾಗ ಅತ್ತೆ ಮುಖ ಆ ಕಡೆಗೆ ತಿರುಗಿಸಿಕೊಂಡರು. ನೋಡದಿದ್ದರೆ ದೋಷವಿಲ್ಲ.

ಮತ್ತೆ ಎಡಗಡೆಯ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡೆ. "ಇಂಡಿಕೇಟರ್ ಯಾವ ಕೈ?"

"ಎಡಗೈ, ಅಕ್ಕ."

"ಹಾಕು. ಹೊರಡು."

ಗುಡಿಯ ಮುಂದೆ ಕಾರು ನಿಂತಾಗ ನಾನು ಎಣಿಸಿದ್ದೆಲ್ಲ ನಡೆಯಿತು, ಶೈಲಾಳಿಗೆ. ದೊಡ್ಡಮಾವನವರು, "ಭಲೆ! ಇನ್ಮೇಲೆ ಇವ್ಳೇ ಕಣ್ರೋ ನಮ್ ಕಾರು ಓಡ್ಸೋ ಸೊಸೆ," ಎಂದು ಅವಳ ತಲೆಯ ಮೇಲೆ ಕೈಯಿಟ್ಟರು. ನನ್ನ ಹೆಸರು ಅಷ್ಟು ಸಲೀಸಾಗಿ ದಾಟಿಹೋಯಿತು. ನನ್ನ ಕೈ ಕೆಂಪಾಗಿರುವುದನ್ನು ಕಂಡ ನಾದಿನಿಯೊಬ್ಬಳು, "ಮೆಹಂದಿ ಹಾಕಿಸ್ಕೊಂಡ್ರಾ ಅತ್ತಿಗೆ?" ಎಂದು ಕೇಳಿದಳು.

ವಾಪಸು ಬರುವಾಗ ನಮ್ಮವರೂ ಮಗಳೂ ಸ್ಕೂಟರಿನಲ್ಲಿ ಮುಂದೆ ಹೋದರು. ನಾಗರಾಜ ಅತ್ತೆಯ ಪಕ್ಕ ಹಿಂದೆ ಕೂತ. ಶೈಲಾ ತಾನೇ ಎಡಗಡೆಗೆ ಹೋಗಿ ಕೂತುಬಿಟ್ಟಳು.

"ನಂಗೆ ಸುಸ್ತು ಅಕ್ಕ. ಈಗ ನೀವು ಓಡ್ಸಲ್ಲ ಅಂದ್ರೆ ನಾವು ಇಲ್ಲೇ ಕೂತಿರ್ತೀವಿ."

ನಾನು ಓಡಿಸಿದೆ. ಇಳಿಬಿಸಿಲು, ಹದವಾದ ಇಂಜಿನ್ನಿನ ಸದ್ದು. ಕುಣಿಗಲ್ ಕೆರೆಯ ಮೇಲಿನ ಗಾಳಿಗೆ ಕಾರು ಅಲುಗಲೂ ಇಲ್ಲ. ಪುಸ್ತಕದಲ್ಲಿ ಓದಿದ ಒಂದೊಂದೂ ನಿಜವಾಗಿತ್ತು. ಅಪ್ಪ ಪಕ್ಕದಲ್ಲಿದ್ದಾರೆಂದೇ ಅನ್ನಿಸಿತು. ಮರಳೂರಿನ ನಮ್ಮ ಬೀದಿ ಬಂತು. ಅಲ್ಲಿಯವರೆಗೆ ಯೋಚಿಸಿ ಹಾಕುತ್ತಿದ್ದ ಇಂಡಿಕೇಟರಿಗೆ ಈಗ ಯೋಚಿಸದೆ ಕೈ ಹಾಕಿದೆ.

ಒಣಗಾಜಿನ ಮೇಲೆ ವೈಪರ್ ಕಿರ್ರ್ ಎಂದು ಎದ್ದಿತು.

ಶೈಲಾ, ನನ್ನದೇ ದನಿಯಲ್ಲಿ, ನಾನು ಹೇಳುವಷ್ಟೇ ಮೃದುವಾಗಿ, "ಎಡಗೈ, ಅಕ್ಕ," ಎಂದಳು. ಹಿಂದಿನ ಸೀಟಿನಲ್ಲಿ ನಾಗರಾಜ ಬಿದ್ದು ಬಿದ್ದು ನಕ್ಕ. ಅತ್ತೆ, "ಮೇಷ್ಟರಿಗೇ ಮರ್ತೋಯ್ತಾ!" ಎಂದರು. ನಾನೂ ನಕ್ಕೆ. ಒಂದೂವರೆ ತಿಂಗಳು ನಾನು ಬಾಯಲ್ಲಿ ಹೇಳಿದ್ದು ಅವಳ ಕೈಗೆ ಇಳಿದಿತ್ತು. ನನ್ನ ಕೈಗೆ ಮಾತ್ರ ಇಳಿದಿರಲಿಲ್ಲ. ಆ ಕಾರು ಈಗ ಅವಳ ಕೈಯನ್ನು ಬಲ್ಲದು, ನನ್ನದನ್ನಲ್ಲ.

ಆಮೇಲೆ 2007ರವರೆಗೆ ಅದೇ ಕೆಲಸ ಮಾಡಿದೆ. ಹೇಳಿದ ಮೇಲೂ ತಪ್ಪು ಮಾಡುವವರಿಗೆ "ಎಷ್ಟು ಸಲ ಹೇಳ್ಬೇಕು?" ಎಂದು ಮತ್ತೆ ಯಾವತ್ತೂ ಕೇಳಲಿಲ್ಲ. ತಿಳಿಯುವುದು ಬೇರೆ, ಕೈಗೆ ಕೂರುವುದು ಬೇರೆ. ಕೈಗೆ ಕೂರಬೇಕಾದರೆ ಬಲಗಡೆಯ ಸೀಟಿನಲ್ಲಿ ಕೂರಲೇಬೇಕು. ಎಡಗಡೆ ಕೂತವರಿಗೆ ಸಿಗುವುದು ಬೇರೆಯದೇ.

ಅವತ್ತು ಸಂಜೆ ನಾನು ಗೇಟಿನಲ್ಲಿ ಇಳಿದೆ. ಶೈಲಾ ಬಲಗಡೆಗೆ ಬಂದು ಕೂತು, ಕನ್ನಡಿ ಸರಿಮಾಡಿಕೊಂಡು, ನಾನು ಕಲಿಸಿದ ಹಾಗೆ ಒಮ್ಮೆ ಹಿಂದೆ ನೋಡಿ ಹೊರಟಳು. ಬೀದಿಯ ಕೊನೆಯಲ್ಲಿ, ತಿರುವಿಗೆ ಎಷ್ಟು ಮುಂಚೆ ಹಾಕಬೇಕೋ ಅಷ್ಟು ಮುಂಚೆ, ಹಳದಿ ದೀಪ ಮಿಣುಕತೊಡಗಿತು. ಒಂದು ತಪ್ಪಿಲ್ಲ. ಹೊಟ್ಟೆ ಧಗಧಗ ಉರಿಯಿತು. ದೀಪ ಮರೆಯಾಗುವವರೆಗೂ ನೋಡುತ್ತ ನಿಂತಿದ್ದೆ.