ನಲವತ್ತಮೂರನೆಯ ಚೂರು

ಶೈಲಾ, ಆ ಮಡಕೆಚೂರಿನ ಬೆನ್ನಿಗೆ ೪೩ ಎಂದು ಬರೆದವಳು ನಾನು. ನೀನು ಅದನ್ನು ಮಣ್ಣಿನಿಂದ ಎತ್ತಿದಾಗ ಅದರ ಮೇಲೆ ಯಾವ ನಂಬರೂ ಇರಲಿಲ್ಲ. ನೀನು ಕಂಡದ್ದು ಸರಿ, ಹೇಳಿದ್ದೂ ಸರಿ. ಸುಳ್ಳು ಹೇಳಿದವಳು ನಿನ್ನ ಹಿಸ್ಟರಿ ಮಿಸ್.

ತಮಿಳು ನಾಡಿನಲ್ಲಿ ಬೆಳೆದ ನಿನಗೆ ಕನ್ನಡ ಓದುವುದು ನಿಧಾನ ಎಂದು ಬಲ್ಲೆ, ನಿಮ್ಮಮ್ಮ ಕಲಿಸಿದ್ದಷ್ಟೇ ಬಂಡವಾಳ. ಆದರೂ ಇದನ್ನು ಕನ್ನಡದಲ್ಲೇ ಬರೆಯಬೇಕು. ಏಕೆಂದು ಮುಂದೆ ತಿಳಿಯುತ್ತದೆ.

ಹೋದ ವಾರ ನಿನ್ನ ಫೋನ್ ಬಂದಾಗ ನಾನು ಸಾರಿಗೆ ಹುಣಸೆಹಣ್ಣು ನೆನೆಸುತ್ತಿದ್ದೆ. "ಮಿಸ್, ನಾನೂ ಈಗ ಮಿಸ್ ಆಗೇನ್ರೀ" ಅಂದೆ. ಅಡ್ಯಾರಿನ ಶಾಲೆ, ಏಳನೆಯ ಕ್ಲಾಸು, ಅದೂ ಹಿಸ್ಟರಿ — ಈ ಮಂಡಿನೋವಿನ ಮುದುಕಿಗೆ ಅಡುಗೆಮನೆಯಲ್ಲೇ ಕುಣಿಯುವಷ್ಟು ಖುಷಿಯಾಯಿತು. ನೀನು ಉಸಿರು ಬಿಡದೆ ಹೇಳುತ್ತಲೇ ಇದ್ದೆ. ಮಕ್ಕಳಿಗೆ ಸಿಡಿ ಹಾಕಿ ಪಿರಮಿಡ್ ತೋರಿಸಿದ್ದು, ಅವರು ಬೆಂಕಿಪೊಟ್ಟಣಗಳಲ್ಲಿ ಹರಪ್ಪದ ಚರಂಡಿ ಕಟ್ಟಿದ್ದು, ಈ ಶನಿವಾರ ನನ್ನ ಅಗೆಯುವ ಆಟ ಆಡಿಸುವುದು, ನಾನು ಮುಖ್ಯ ಅತಿಥಿಯಾಗಿ ಬರಲೇಬೇಕು ಎನ್ನುವುದು. ಆಮೇಲೆ ನಗುತ್ತಾ ಅಂದೆ: "ನಲವತ್ತಮೂರರ ಕತಿ ಹೇಳೇನ್ರೀ ಮಕ್ಕಳಿಗೆ. ಸುಮ್ನ ಜಿದ್ದು ಹಿಡೀಬ್ಯಾಡ್ರಿ, ನಿಮ್ಮ ಮಿಸ್ ಹಂಗ ಜಿದ್ದು ಮಾಡಿ ಹತ್ತು ಪಾಯಿಂಟ್ ಕಳ್ಕೊಂಡಾಳ ಅಂತ."

ನಾನೂ ನಕ್ಕೆ, ಶೈಲಾ. ಆ ನಗುವೂ ಸುಳ್ಳೇ. ಫೋನ್ ಇಟ್ಟ ಮೇಲೆ ಒಲೆಯ ಮೇಲಿದ್ದ ಬೇಳೆ ತಳ ಹಿಡಿದದ್ದೂ ಗೊತ್ತಾಗಲಿಲ್ಲ.

ಆ ವರ್ಷ, ತೊಂಬತ್ತೆಂಟರಲ್ಲಿ, ನನಗೆ ಹುಚ್ಚೇ ಹಿಡಿದಿತ್ತು. ಅಂಬತ್ತೂರಿನ ನಮ್ಮ ಶಾಲೆಯಲ್ಲಿ ಹಿಸ್ಟರಿ ಎಂದರೆ ಊಟದ ನಂತರದ ಪೀರಿಯಡ್ಡು, ಮಕ್ಕಳು ತೂಕಡಿಸುವ ಹೊತ್ತು. ಅವರ ನಿದ್ದೆ ಬಿಡಿಸುತ್ತೇನೆಂದು ಹಟ ತೊಟ್ಟೆ. ಬಾಡಿಗೆಯ ಕ್ಯಾಸೆಟ್ ತಂದು ಹೆಡ್‌ಮಿಸ್ಟ್ರೆಸ್ ಕೋಣೆಯ ಟಿವಿಯಲ್ಲಿ ನೈಲ್ ನದಿ ತೋರಿಸಿದೆ, ನಲವತ್ತು ಮಕ್ಕಳು ಒಬ್ಬರ ಮಡಿಲಲ್ಲಿ ಒಬ್ಬರು ಕೂತು ನೋಡಿದಿರಿ. ನಮ್ಮಪ್ಪನ ಹಳೆಯ ಚಿತ್ರಪುಸ್ತಕಗಳನ್ನು ಕೈಗೆ ಕೊಟ್ಟೆ. ಹೊಲದಲ್ಲಿ ಹಳೆಯ ಕಾಲದ್ದೇನಾದರೂ ಸಿಕ್ಕರೆ ಅಗೆಯುವುದನ್ನು ನಿಲ್ಲಿಸಿ ಸರ್ಕಾರಕ್ಕೆ ತಿಳಿಸಬೇಕು ಎಂದು ಕಲಿಸಿದವಳೂ ನಾನೇ. ಮರೆತಿಲ್ಲ, ಬೋರ್ಡಿನ ಮೇಲೆ ಬರೆದೇ ಕಲಿಸಿದ್ದೆ.

ಅಗೆಯುವ ಆಟಕ್ಕೆ ಸಾಮಾನು ಕೊಟ್ಟದ್ದು ವಡಪಳನಿಯಲ್ಲಿ ನಮ್ಮ ಪಕ್ಕದ ಮನೆಯ ಏಕಾಂಬರಂ ಅಣ್ಣ. ಸಿನಿಮಾ ಸೆಟ್ಟಿಗೆ ಮಡಕೆ, ಕತ್ತಿ, ಕಿರೀಟ ಒದಗಿಸುವ ಕೆಲಸ ಅವರದು. ಒಡೆದ ಮಡಕೆ, ಮಣಿ, ಪ್ಲಾಸ್ಟರಿನ ಮುದ್ರೆ ಎಲ್ಲ ಕೊಟ್ಟು ಒಂದೇ ಒಂದು ಷರತ್ತು ಹಾಕಿದರು. ಸೆಟ್ಟಿನ ಪದ್ಧತಿಯಂತೆ ಪ್ರತಿಯೊಂದರ ಬೆನ್ನಿಗೂ ಕಪ್ಪು ಶಾಯಿಯಲ್ಲಿ ನಂಬರ್ ಹಾಕಬೇಕು, ನಂಬರಿಲ್ಲದ ಸಾಮಾನು ಸೆಟ್ಟಿನದೇ ಅಲ್ಲ. ಹಾಗೆ ನಲವತ್ತೆರಡು ನಂಬರ್ ಹಾಕಿದೆ. ಆ ಚೀಲ ಹೊತ್ತು ಬಸ್ ಹತ್ತಿದರೆ ಕಂಡಕ್ಟರು ಕುಂಬಾರಗೇರಿಯೇ ಎದ್ದು ಬಂದಿತೇ ಎಂದು ಕೇಳಿದ. ಆಟದ ಮೈದಾನದ ಹಿಂದೆ, ಬೇವಿನ ಮರದ ಹತ್ತಿರ, ಎಲ್ಲವನ್ನೂ ಹೂತೆ. ಪಟ್ಟಿಯನ್ನು ಕ್ಲಾಸಿನ ಗೋಡೆಗೆ ಅಂಟಿಸಿದೆ. ನಿಯಮವೂ ನನ್ನದೇ: ಸಾಕ್ಷಿ ಸಮೇತ ಹೇಳಿದ ಮಾತಿಗೆ ಹತ್ತು ಪಾಯಿಂಟ್, ಸಾಕ್ಷಿ ಇಲ್ಲದ ಮಾತಿಗೆ ಹತ್ತು ಕಡಿತ.

ಆ ದಿನ ನೆನಪಿದೆಯಲ್ಲ? ನನಗಂತೂ ನಿನ್ನೆಯಷ್ಟು ಹತ್ತಿರ. ದಾರ ಕಟ್ಟಿ ಚೌಕ ಮಾಡಿದ ನೆಲ, ಮನೆಯಿಂದ ತಂದ ಸೌಟು, ಬಣ್ಣದ ಬ್ರಷ್ಷು. ಒಂದೊಂದು ಚೂರು ಮೇಲೆದ್ದಾಗಲೂ ನೀವು ಹಾಕಿದ ಕೂಗಿಗೆ ಪಕ್ಕದ ಫ್ಯಾಕ್ಟರಿಯವರು ಗೋಡೆಯ ಮೇಲಿಂದ ಇಣುಕಿದರು. ಕರೆಸ್ಪಾಂಡೆಂಟ್ ಸಾರ್, ಶಾಲೆಯ ಒಡೆಯರು, ತಾವೇ ಬಂದು ನಿಂತಿದ್ದರು. ಮುಂದಿನ ವಾರ ಅದೇ ಜಾಗದಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುವುದಿತ್ತು. ಅದರಲ್ಲಿ ಹಿಸ್ಟರಿಗೆಂದೇ ಒಂದು ಕೋಣೆ, ಟಿವಿ, ಪುಸ್ತಕದ ಬೀರು, ಆಟದ ಮೇಜು — ಆರು ವರ್ಷ ಬೇಡಿದ್ದೆ, ಆ ವಾರವಷ್ಟೇ ಹೂಂ ಅಂದಿದ್ದರು.

ನಲವತ್ತೆರಡೂ ಸಿಕ್ಕ ಮೇಲೆ ನೀನು ಇನ್ನೂ ಗುಂಡಿಯಲ್ಲೇ ಕೂತಿದ್ದೆ. ಎದ್ದು ಬಂದು ಮುಷ್ಟಿ ಬಿಚ್ಚಿದೆ. ಕ್ಲಾಸಿನಲ್ಲಿ ಯಾವಾಗಲೂ ತಮಿಳೋ ಇಂಗ್ಲಿಷೋ ಆಡುವ ಹುಡುಗಿ, ಅಂದು ನನ್ನ ಸೆರಗು ಹಿಡಿದು, ಬೇರೆಯವರಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಪಿಸುಗುಟ್ಟಿದೆ:

"ಮಿಸ್, ಇದು ನಿಮ್ದಲ್ರೀ. ನಂಬರ ಇಲ್ಲ. ಇದು ಖರೇನ ಹಳೇದು."

ಒಳಗೆ ಕಪ್ಪು, ಹೊರಗೆ ಕೆಂಪು. ಅಂಚಿನಲ್ಲಿ ಗೀರಿದ ಒಂದು ಗುರುತು. ಸಾವಿರಾರು ವರ್ಷ ಹಳೆಯದಾದ ಅಂಥದ್ದೇ ಮಡಕೆಯ ಚಿತ್ರ ಅಪ್ಪನ ಪುಸ್ತಕದಲ್ಲಿತ್ತು, ನಿಮಗೆ ತೋರಿಸಿಯೂ ಇದ್ದೆ. ಹದಿನೆಂಟು ವರ್ಷ ಪುಸ್ತಕದಿಂದ ಪಾಠ ಹೇಳಿದವಳ ಕೈಗೆ ಮೊದಲ ಸಲ ಆ ಕಾಲವೇ ಬಂದು ಕೂತಿತ್ತು. ನಿನ್ನನ್ನು ಎತ್ತಿ ಮುದ್ದಿಸಬೇಕೆನಿಸಿತು. ಒಂದು ಕ್ಷಣ, ಬರೀ ಒಂದು ಕ್ಷಣ ನಾವಿಬ್ಬರೂ ಅದನ್ನು ಬಲ್ಲವರಾಗಿದ್ದೆವು.

ಅಷ್ಟರಲ್ಲಿ ಸಾರ್ ಕೇಳಿದರು, "ಅಂದ ಪೊಣ್ಣು ಎನ್ನ ಸೊಲ್ಲುದು?" ಆ ಹುಡುಗಿ ಏನನ್ನುತ್ತಿದೆ ಎಂದು, ಅಷ್ಟೇ. ಗದರಲಿಲ್ಲ, ಹೆದರಿಸಲಿಲ್ಲ. ಚೂರು ಹಳೆಯದೆಂದರೆ ಪಾಯ ನಿಲ್ಲುತ್ತಿತ್ತು, ನನ್ನ ಕೋಣೆಯೂ. ನಾನೇ ಎಲ್ಲರಿಗೂ ಕೇಳುವಂತೆ ತಮಿಳಿನಲ್ಲಿ ಅಂದೆ: "ಅದು ನಾನ್ ವೆಚ್ಚದುದಾನ್. ನಂಬರ್ ಅಳಿಂಜು ಪೋಚ್ಚು." ಅದು ನಾನೇ ಇಟ್ಟದ್ದು, ನಂಬರ್ ಅಳಿಸಿಹೋಗಿದೆ.

ನೀನು ಬಿಡಲಿಲ್ಲ. ಗೋಡೆಯ ಪಟ್ಟಿಯಲ್ಲಿ ನಲವತ್ತೆರಡೇ ಇದೆ ಎಂದೆ. ನಿನ್ನ ನೋಟ್‌ಬುಕ್ ತೆರೆದೆ — ಬೇವಿನ ಮರದಿಂದ ಪೂರ್ವಕ್ಕೆ ನಾಲ್ಕು ಹೆಜ್ಜೆ, ಮೊಣಕಾಲಿನಷ್ಟು ಆಳ, ಗಟ್ಟಿ ಮಣ್ಣು. ನಾನು ಹೂತದ್ದೆಲ್ಲ ಗೇಣು ಆಳದ ಸಡಿಲ ಮಣ್ಣಿನಲ್ಲಿ. ಹದಿಮೂರು ವರ್ಷದ ಹುಡುಗಿ ಅಷ್ಟು ಅಚ್ಚುಕಟ್ಟಾಗಿ ಸಾಕ್ಷಿ ಇಟ್ಟಿದ್ದಳು! ನಾನು ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಸಾಕ್ಷಿ ಇಲ್ಲದ ಮಾತು ಎಂದು ಹತ್ತು ಪಾಯಿಂಟ್ ಕಳೆದೆ. ನಿನ್ನ ಗುಂಪು ಸೋತಿತು. ನಿನ್ನ ಗೆಳತಿಯರು ನಿನ್ನನ್ನು ಬಿಟ್ಟು ಬಸ್‌ಸ್ಟಾಪಿಗೆ ಹೋದದ್ದನ್ನು ಸ್ಟಾಫ್‌ರೂಮಿನ ಕಿಟಕಿಯಿಂದ ನೋಡಿದೆ.

ನೋಡುತ್ತಲೇ ಶಾಯಿ ಬಾಟಲಿ ತೆಗೆದೆ. ೪೩ ಎಂದು ಬರೆದೆ. ಒಣಗುವ ಮುಂಚೆ ಹೆಬ್ಬೆರಳಿನಿಂದ ತಿಕ್ಕಿದೆ, ಸವೆದಂತೆ ಕಾಣಲಿ ಎಂದು. ಪಟ್ಟಿಯ ಕೊನೆಗೂ ಒಂದು ಸಾಲು ಸೇರಿಸಿದೆ. ಚೆನ್ನಾಗಿ ಬಂದಿದೆ ಎಂದೂ ಅನಿಸಿತು — ಇದನ್ನು ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಇರಲಿ.

ಮರುದಿನ ಚೂರನ್ನು ನಿನ್ನ ಕೈಗಿಟ್ಟು, ನೋಡು, ಮಣ್ಣು ತೊಳೆದ ಮೇಲೆ ಕಾಣಿಸಿತು ಎಂದೆ. ನೀನು ನಂಬರಿನ ಮೇಲೆ ಬೆರಳಾಡಿಸಿ ನೋಡಿದೆ. ಆಮೇಲೆ ಅಂದೆ: "ತಪ್ಪಾತ್ರೀ ಮಿಸ್."

ಕೋಣೆ ಸಿಕ್ಕಿತು. ಅದರಲ್ಲಿ ಎಂಟು ವರ್ಷ ಪಾಠ ಹೇಳಿದೆ, ಟಿವಿ ಹಾಕಿದೆ, ಆಟ ಆಡಿಸಿದೆ, ಮಕ್ಕಳು ಓಡಿ ಬರುತ್ತಿದ್ದರು. ಸುಖವಾಗಿತ್ತು, ಸುಖವಿರಲಿಲ್ಲ ಎಂದರೆ ಮತ್ತೊಂದು ಸುಳ್ಳಾದೀತು. ಆ ಚೂರು ಎಷ್ಟು ಹಳೆಯದು, ಅದರ ಸುತ್ತ ಮಣ್ಣಿನಲ್ಲಿ ಇನ್ನೇನಿತ್ತು — ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳೂ ನಾನೇ, ಈಗ ಅಲ್ಲಿ ಮೂರು ಅಂತಸ್ತು ನಿಂತಿದೆ. ಅದಕ್ಕಿಂತ ಹೆಚ್ಚು ಸುಡುವುದು ಬೇರೆ. ಕಣ್ಣಾರೆ ಕಂಡದ್ದನ್ನೂ ನಂಬದಿರಲು ನಿನಗೆ ಕಲಿಸಿದೆ, ನೀನು ಅದನ್ನು ಪಾಠವೆಂದು ನಂಬಿ ಈಗ ನಿನ್ನ ಮಕ್ಕಳಿಗೆ ಕಲಿಸುತ್ತಿದ್ದೀಯ.

ಚೂರು ನನ್ನ ಬೀರುವಿನಲ್ಲಿದೆ, ರೇಷ್ಮೆ ಸೀರೆಯ ಕೆಳಗೆ. ಮೊನ್ನೆ ಒದ್ದೆ ಬಟ್ಟೆ ಹಿಡಿದು ಕೂತಿದ್ದೆ. ಆ ನಂಬರನ್ನು ಒರೆಸಿ ನಿನಗೆ ನೀನು ಕಂಡಂತೆಯೇ ಕೊಡೋಣವೆಂದು. ಆಮೇಲೆ ಬಟ್ಟೆ ಕೆಳಗಿಟ್ಟೆ. ಅಳಿಸಿದರೆ ಎರಡನೆಯ ಸಲ ಸಾಕ್ಷಿ ಕೆಡಿಸಿದಂತೆ.

ಈ ಕಾಗದ ನಿನಗೆ ಶುಕ್ರವಾರದೊಳಗೆ ಸಿಗಬೇಕು. ನನ್ನ ಮುಖ ನೋಡುವುದು ಬೇಡವೆನಿಸಿದರೆ ಫೋನ್ ಮಾಡು, ಚೂರನ್ನು ಮಾತ್ರ ಕಳಿಸುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನಿನ್ನ ಸ್ವಭಾವಕ್ಕೆ ತಕ್ಷಣ ಇರಲಿ ಬಿಡ್ರೀ ಎಂದುಬಿಡುತ್ತೀಯ. ಫೋನ್ ಬರದಿದ್ದರೆ ಶನಿವಾರ ಬರುತ್ತೇನೆ. ಮುಖ್ಯ ಅತಿಥಿಯ ಕುರ್ಚಿ ಹಾಕಿಸಬೇಡ, ಹಾರವೂ ಬೇಡ. ನಿನ್ನ ಮಕ್ಕಳು ಆ ಚೂರನ್ನು ಕೈಯಿಂದ ಕೈಗೆ ದಾಟಿಸಿ ನೋಡಲಿ. ಈ ನಂಬರನ್ನು ಯಾವಾಗ, ಯಾರು ಬರೆದರು ಎಂದು ಯಾರಾದರೂ ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ. ತಮಿಳಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ.