ಹಬ್ಬದ ದಿನ ಕೊಟ್ಟ ರಕ್ತ

ಹೋಳಿಗೆಗೆ ಕಣಕ ನಾದುತ್ತಾ ಉಗುಳು ನುಂಗಿದೆ ನೋಡಿ, ಗಂಟಲಲ್ಲಿ ಮುಳ್ಳು ಚುಚ್ಚಿದಂತಾಯಿತು. ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ. ಮೈ ಬೇರೆ ಕಾದಿತ್ತು. ಭದ್ರಾವತಿಯ ನಮ್ಮ ಭಜನಾ ಮಂಡಳಿಯಲ್ಲಿ ವಾರವಿಡೀ ಹಾಡಿದವಳಿಗೆ ಗಂಟಲು ಕಟ್ಟುವುದು ಹೊಸದಲ್ಲ. ಆದರೆ ಎರಡು ತಿಂಗಳಿಂದ, ಥೈರಾಯ್ಡ್ ಮಿತಿಮೀರಿದ್ದಕ್ಕೆ ನಾನು ಮಾತ್ರೆ ನುಂಗುತ್ತಿದ್ದೆ. ಎದೆಬಡಿತ ತಗ್ಗಿತ್ತು, ಕೈನಡುಕ ನಿಂತು ರಂಗೋಲಿಯ ಎಳೆ ನೆಟ್ಟಗಾಗಿತ್ತು. ಅದೂ ಒಂದು ಕೃಪೆಯೇ. ಆ ಮಾತ್ರೆ ಅಪರೂಪಕ್ಕೊಮ್ಮೆ ರಕ್ತದ ಬಿಳಿಕಣಗಳನ್ನು ಇಳಿಸಿಬಿಡುತ್ತದೆ, ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು. ಚೀಟಿಯನ್ನೂ ಬರೆದುಕೊಟ್ಟಿದ್ದರು: ಗಂಟಲು ನೋವು, ಜ್ವರ ಬಂದರೆ ಮಾತ್ರೆ ನಿಲ್ಲಿಸಿ, ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಅತ್ತೆಗೆ ಹೇಳಿದೆ. “ಹಬ್ಬದ ದಿನ ಯಾರಾದ್ರೂ ರಕ್ತ ಕೊಡ್ತಾರೇನೇ ಮಾರಾಯ್ತಿ? ಮೆಣಸಿನ ಕಷಾಯ ಕುಡಿ. ಅಷ್ಟೂ ಅನುಮಾನ ಇದ್ರೆ ಪೂಜೆ ಮುಗಿಸು, ತಾಯಿ ಬಲಗಡೆ ಹೂವು ಕೊಟ್ರೆ ಹೊರಡು” ಎಂದರು.

ನಮ್ಮ ಮನೆಯಲ್ಲಿ ಸೈಟು ಕೊಳ್ಳುವುದಿರಲಿ, ಹೆಣ್ಣು ನೋಡುವುದಿರಲಿ, ದೇವಿಯ ತಲೆಯ ಮೇಲಿಂದ ಹೂವು ಬೀಳದೆ ಯಾರೂ ಹೊಸಿಲು ದಾಟಿದವರಲ್ಲ. ಹೂವು ಕೆಲವೊಮ್ಮೆ ಮಧ್ಯಾಹ್ನದವರೆಗೂ ಕಾಯಿಸುತ್ತದೆ. ಕಲಶದ ಮುಂದೆ ಕೈಮುಗಿದು ನಿಂತೆ. ನೀವೇ ಹೇಳಿ, ತಾಯಿ ಹೇಳಬೇಕಾದ್ದನ್ನು ಡಾಕ್ಟರ ಕೈಯಿಂದ ಆಗಲೇ ಬರೆಸಿ ಕೊಟ್ಟಿರುವಾಗ ಮತ್ತೆ ಅವಳನ್ನೇ ಕೇಳುವುದು ಭಕ್ತಿಯೋ, ಅಪನಂಬಿಕೆಯೋ?

“ಅಪ್ಪಣೆ ಚೀಟಿಯಲ್ಲೇ ಆಗಿದೆ ಅತ್ತೆ, ಹೋಗ್ಬರ್ತೀನಿ” ಎಂದೆ.

ಯಜಮಾನರು ಕಾರ್ಖಾನೆಯ ಮೊದಲ ಪಾಳಿಯಲ್ಲಿದ್ದರು. ಒಬ್ಬಳೇ ಶಿವಮೊಗ್ಗದ ಬಸ್ಸು ಹತ್ತಿದೆ. ಮಾಚೇನಹಳ್ಳಿ ದಾಟುವಷ್ಟರಲ್ಲಿ ಚಳಿ ಹಿಡಿದು ಹಲ್ಲು ಕಟಕಟಿಸತೊಡಗಿತು. ರೇಷ್ಮೆ ಸೀರೆಯ ಸೆರಗನ್ನೇ ಹೊದ್ದು ಕುಳಿತೆ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಕಾದೆ. ರಿಪೋರ್ಟು ನೋಡಿದ ಡಾಕ್ಟರು ತಲೆಯೆತ್ತಿದರು. “ಬಿಳಿಕಣ ತಳ ಕಂಡಿದೆಯಮ್ಮ. ಹಬ್ಬ ಬಿಟ್ಟು ಇವತ್ತೇ ಹೋಗಿ ಅಂತ ಯಾರು ಕಳಿಸಿದ್ರು?”

“ಯಾರೂ ಕಳಿಸ್ಲಿಲ್ಲ ಸರ್, ನಾನೇ ಬಂದೆ.”

ಅಷ್ಟು ನೆಟ್ಟಗೆ ನಾನು ಯಾರಿಗೂ ಉತ್ತರಿಸಿದವಳಲ್ಲ.

ಮಾತ್ರೆ ನಿಂತಿತು, ಆಸ್ಪತ್ರೆಗೆ ಸೇರಿಸಿಕೊಂಡು ಸೂಜಿಯಲ್ಲಿ ಔಷಧಿ ಕೊಟ್ಟರು. ಆರನೆಯ ದಿನ ಕಣಗಳು ಏರತೊಡಗಿದವು. ಥೈರಾಯ್ಡಿಗೆ ಮುಂದೆ ಬೇರೆ ದಾರಿ ಹಿಡಿಯೋಣ ಎಂದರು ಡಾಕ್ಟರು. ಅಂದು ಬಂದ ಅತ್ತೆ ನನ್ನನ್ನು ಮಾತಾಡಿಸುವ ಮೊದಲೇ ಪಕ್ಕದ ಮಂಚದವರ ಕಡೆ ತಿರುಗಿದರು.

“ನನ್ನ ಸೊಸೆ ಕಣಮ್ಮ. ಹೂವಿಗೂ ಕಾಯ್ಲಿಲ್ಲ, ನನ್ನ ಮಾತೂ ಕೇಳ್ಲಿಲ್ಲ. ಕೇಳಿದ್ದಿದ್ರೆ ಇವತ್ತು ನಾನು ಯಾರನ್ನ ನೋಡಕ್ಕೆ ಬರ್ಬೇಕಿತ್ತು?”